ಬಫೆಯಲ್ಲಿ ಬೀಗರ ಊಟ

ಒಂದು ಹೋಳಿಗೆಯಿಂದ ಎರಡು ಮನೆತನಗಳ ನಡುವೆ ಮಾತು ನಿಲ್ಲಬಹುದು ಎಂದು ನನಗೆ ಯಾವ ಪಠ್ಯಪುಸ್ತಕದಲ್ಲೂ ಕಲಿಸಿರಲಿಲ್ಲ. ನಮ್ಮ ವಂಶದಲ್ಲಿ ಬಿ.ಎ. ಮುಗಿಸಿದ ಮೊದಲನೆಯವನು ನಾನು. ಹಲಸಿಯ ಹತ್ತಿರದ ಹಳ್ಳಿಯಿಂದ ಬಂದು ಬೆಳಗಾವಿಯ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿ, ಹದಿನಾಲ್ಕು ವರ್ಷಗಳಲ್ಲಿ ಒಂದು ಕಡತವನ್ನೂ ಕಳೆಯದವನು. ಅಂಥ ನಾನು ಮೇ ತಿಂಗಳಲ್ಲಿ ನಡೆದ ನನ್ನ ತಂಗಿ ನೇತ್ರಾಳ ಮದುವೆಯಲ್ಲಿ ಒಂದೇ ಒಂದು ಹೋಳಿಗೆಯನ್ನು ತಪ್ಪಿಸಿಬಿಟ್ಟೆ.

ಆ ಹೋಳಿಗೆ ಬೀಳಬೇಕಾಗಿದ್ದದ್ದು ಸಾತಪ್ಪನವರ ಎಲೆಗೆ. ಸಾತಪ್ಪನವರೆಂದರೆ ನೇತ್ರಾಳ ಗಂಡ ಸುಮಿತನ ದೊಡ್ಡಪ್ಪ. ಖಾನಾಪುರ ಪೇಟೆಯಲ್ಲಿ ಕಿರಾಣಿ ಅಂಗಡಿ, ಮನೆಯಲ್ಲಿ ಅವರ ಮಾತೇ ಅಂತಿಮ ಆದೇಶ. ನಾನು ಎರಡನೆಯ ಸುತ್ತಿನ ಹೋಳಿಗೆಯ ಬುಟ್ಟಿ ಹಿಡಿದು ಹೋದಾಗ ಅವರು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, "ಸಾಕ್ರೀ, ಸಾಕ!" ಎಂದರು. ನಾನು ಓದಿದವನು. ಸಾಕೆಂದವರ ಇಚ್ಛೆಯನ್ನು ಗೌರವಿಸಿ ಮುಂದಿನ ಎಲೆಗೆ ನಡೆದೆ.

ನಮ್ಮ ಕಡೆ ಕೈ ಅಡ್ಡ ಹಿಡಿದರೆಂದರೆ ಊಟ ಈಗ ಶುರುವಾಯಿತು ಎಂದರ್ಥ. ಬಡಿಸುವವನು ಆಣೆ ಹಾಕಬೇಕು, ಕೈ ಸರಿಸಬೇಕು, ಬೆರಳ ಸಂದಿಯಿಂದಲಾದರೂ ಹೋಳಿಗೆ ಇಳಿಸಬೇಕು. ಉಣ್ಣುವವರು ಬೈದುಕೊಳ್ಳುತ್ತ ತಿನ್ನಬೇಕು. ಇಷ್ಟಾದರೆ ಅದು ಬೀಗರ ಊಟ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ; ಆದರೆ ಆ ಹೊತ್ತಿಗೆ ಮುಂದೆ ಇನ್ನೂ ನೂರಾ ಎಂಬತ್ತು ಎಲೆಗಳಿದ್ದವು.

ಸಾತಪ್ಪನವರು ಅಂದು ಏನೂ ಹೇಳಲಿಲ್ಲ. ಶ್ರಾವಣ ಹತ್ತಿರ ಬಂದಾಗ ಹೇಳಿದರು. ಮದುವೆಯಾದ ಮೊದಲ ವರ್ಷ ನಾಗರ ಪಂಚಮಿಗೆ ಮಗಳು ತವರಿಗೆ ಬರಲೇಬೇಕು. ಜೋಕಾಲಿ ಕಟ್ಟಬೇಕು, ಉಂಡಿ ಕಟ್ಟಬೇಕು. ಅವ್ವ ಆಗಲೇ ಎಳ್ಳು, ಶೇಂಗಾ ಹುರಿಯಲು ಶುರುಮಾಡಿದ್ದಳು. ಆಗ ಸುಮಿತನ ಫೋನು ಬಂತು. ಪಾಪ, ಅವನ ದನಿ ಅಪರಾಧಿಯದಿತ್ತು.

"ಅಣ್ಣಾರ, ದೊಡ್ಡಪ್ಪ ಹಿಂಗಂದಾನ್ರಿ: 'ಉಣ್ಣಾಕ ಹಾಕೂದು ಗೊತ್ತಿಲ್ಲದ ಮನಿಗೆ ನಮ್ಮ ಸೊಸಿನ್ನ ಹಬ್ಬಕ್ಕ ಯಾಕ ಕಳಸೂದು? ಅಕಿಗೂ ಉಪವಾಸ ಕೆಡವ್ತಾರ.'"

ಅವ್ವ ಹುರಿಯುವ ಬಾಣಲೆಯನ್ನು ಕೆಳಗಿಳಿಸಿದಳು. ಒಲೆ ಆರಿಸಿದಳು. ಅಂದಿನಿಂದ ನನ್ನ ಜತೆ ಮಾತು ಬಿಟ್ಟಳು. ಆಡಬೇಕಾದ್ದನ್ನೆಲ್ಲ ನನ್ನ ಎದುರಿಗೇ ಬೆಕ್ಕಿನ ಜತೆ ಆಡಿದಳು. "ನನ್ನ ಮಗಳು ಬರೂದಿಲ್ಲಂತ. ಸಾಲಿ ಕಲಿಸಿದ್ನೆಪ್ಪಾ ಇವನ್ನ, ಒಂದ್ ಹೋಳಿಗಿ ನೀಡಾಕ ಬರವಲ್ದು."

ಪರಿಹಾರ ಒಂದೇ: ಬೀಗರನ್ನು ಕರೆದು, ಎಲ್ಲರ ಮುಂದೆ ತಪ್ಪು ತಿದ್ದಿಕೊಳ್ಳುವ ಊಟ ಹಾಕುವುದು. ಸುಮಿತ ಮಧ್ಯಸ್ಥಿಕೆ ವಹಿಸಿ ಸಾತಪ್ಪನವರನ್ನು ಒಪ್ಪಿಸಿದ. ಹನ್ನೊಂದು ಜನ ಬರುತ್ತಾರೆ, ಬರುವ ರವಿವಾರ. ಈ ಶುಭವಾರ್ತೆಯನ್ನು ನಾನು ನನ್ನ ಧರ್ಮಪತ್ನಿ ಕಾಂತಾಳ ಸನ್ನಿಧಾನದಲ್ಲಿ ಮಂಡಿಸಿದೆ. ಅವಳು ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ. ದಿನವಿಡೀ ಜನರ ಗೋಳು ಕೇಳಿ ಮನೆಗೆ ಬಂದ ಮೇಲೆ ನನ್ನ ಗೋಳಿಗೆ ಅವಳಲ್ಲಿ ಜಾಗ ಉಳಿದಿರುವುದಿಲ್ಲ.

"ಹನ್ನೊಂದ ಮಂದೀನ?" ಎಂದಳು. "ಕುಂದ್ರಸ್ತೀರಿ ಎಲ್ಲೆ? ಫ್ರಿಜ್ಜಿನ ಮ್ಯಾಗ?"

"ಅಡ್ಜಸ್ಟ್ ಮಾಡೂಣು."

"ಹೋಳಿಗಿ ಯಾರ ಲಟ್ಟಸ್ತಾರ?"

"ನಾನು ಕೈ ಜೋಡಸ್ತೇನಿ."

"ಹೋದ ಸಲ ನೀವು ಕೈ ಜೋಡಿಸಿದ್ದಕ್ಕ ಕಟ್ಟಿನ ಸಾರಿನಾಗ ಎರಡ ಸಲ ಉಪ್ಪ ಬಿದ್ದಿತ್ತು. ಮೂರನೇದ್ದು ಹಾಕೂದ್ರಾಗ ನಾ ಕೈ ಹಿಡಿದ್ನಿ."

ಆಗಲೇ ನನಗೆ ಹೊಳೆದದ್ದು. ಹಿಂದಿನ ತಿಂಗಳು ನಮ್ಮ ಕಚೇರಿಯ ಹಿರಿಯರೊಬ್ಬರ ನಿವೃತ್ತಿಯ ಊಟ ನೆಹರು ನಗರದ ಕಡೆ ಹೊಸದಾಗಿ ತೆರೆದ ಸಸ್ಯಾಹಾರಿ ಬಫೆ ಹೋಟೆಲಿನಲ್ಲಿ ನಡೆದಿತ್ತು. (ಹೆಸರು ಹೇಳುವುದಿಲ್ಲ. ಅವರು ನನ್ನನ್ನು ಮರೆತಿರಬಹುದು, ನೆನಪಿಸುವುದು ಬೇಡ.) ಐವತ್ತೆರಡು ಪದಾರ್ಥಗಳು! ಯಾರಿಗೆ ಏನು ಬೇಕೋ, ಎಷ್ಟು ಬೇಕೋ, ತಾವೇ ಹಾಕಿಕೊಳ್ಳುವುದು. ನನ್ನ ತರ್ಕ ಹೀಗಿತ್ತು: ಬಡಿಸುವವನೇ ಇಲ್ಲದ ಕಡೆ ಬಡಿಸಲಿಲ್ಲವೆಂಬ ದೂರು ಹುಟ್ಟಲು ಅವಕಾಶವೇ ಇಲ್ಲ. ಎರಡನೆಯ ಹೋಳಿಗೆಯನ್ನು ಯಾರೂ ತಪ್ಪಿಸಲಾರರು. ತಪ್ಪಿದರೆ ಅದು ತಿನ್ನುವವನ ಸ್ವಯಂಕೃತಾಪರಾಧ. ಕಾನೂನಿನ ದೃಷ್ಟಿಯಿಂದ ನಾನು ಸಂಪೂರ್ಣ ಸುರಕ್ಷಿತ.

ಕಾಂತಾ ಮೊದಲ ಬಾರಿಗೆ ನನ್ನ ಬುದ್ಧಿಯನ್ನು ಮೆಚ್ಚಿದಳು. ಹೋಳಿಗೆ ಲಟ್ಟಿಸುವುದು ತಪ್ಪಿತಲ್ಲ. ಅವ್ವ ಮಾತ್ರ ಬೆಕ್ಕಿಗೆ, "ಬೀಗರನ್ನ ಹೊಟೇಲಿಗೆ ಕರಕೊಂಡ ಹೊಂಟಾರವಾ, ನೀನರ ಮನಿ ಕಾಯಿ" ಎಂದಳು. ತಾನು ಬರುವುದಿಲ್ಲವೆಂದೂ ಸೇರಿಸಿದಳು, ಬೆಕ್ಕಿನ ಮೂಲಕವೇ.

ಕೆಲಸವನ್ನು ಅರ್ಧಂಬರ್ಧ ಮಾಡುವ ಜಾಯಮಾನ ನನ್ನದಲ್ಲ. ಶುಕ್ರವಾರ ಸಂಜೆ ಒಬ್ಬನೇ ಹೋಗಿ ಆ ಹೋಟೆಲಿನ ಸ್ಥಳ ಪರಿಶೀಲನೆ ಮಾಡಿದೆ. ಕೈಯಲ್ಲಿ ಕ್ಲಿಪ್ಪಿನ ರಟ್ಟು, ಅದರ ಮೇಲೆ ಹಾಳೆ. ಯಾವ ಕೌಂಟರು ಎಲ್ಲಿದೆ, ಸಿಹಿ ಎಲ್ಲಿ, ಅನ್ನ ಎಲ್ಲಿ, ವಯಸ್ಸಾದವರಿಗೆ ಎಷ್ಟು ಹೆಜ್ಜೆ, ಎಲ್ಲ ನಕ್ಷೆ ಬರೆದೆ. ಒಂದೆರಡು ಪಾತ್ರೆಗಳ ಮುಚ್ಚಳ ತೆಗೆದು ಮೂಸಿ ಟಿಪ್ಪಣಿ ಮಾಡಿಕೊಂಡೆ. ಟೈ ಕಟ್ಟಿದ ಮ್ಯಾನೇಜರು ದಿಗಂಬರ ಓಡಿ ಬಂದ. "ಸಾಹೇಬ್ರ, ಕುಂದರ್ರಿ, ಸೂಪ್ ತಗೋರಿ. ನಮ್ಮಲ್ಲೆ ಎಲ್ಲಾ ಸ್ವಚ್ಛ ಐತ್ರಿ" ಎಂದು ಕೈ ಮುಗಿದ. ಈ ಮನುಷ್ಯ ಎಷ್ಟು ಸಜ್ಜನ ಎಂದುಕೊಂಡು ಸೂಪು ಕುಡಿದು ಬಂದೆ. ಆಹಾರ ಇಲಾಖೆಯವರು ಹೀಗೇ ಬರುತ್ತಾರೆಂಬುದು ನನಗೆ ಹೊಳೆಯಲೇ ಇಲ್ಲ.

ರವಿವಾರ ಹನ್ನೆರಡೂವರೆಗೆ ಖಾನಾಪುರದಿಂದ ಕ್ರೂಸರ್ ಗಾಡಿ ಬಂತು. ಹನ್ನೊಂದು ಜನ ಇಳಿದರು, ಸಾತಪ್ಪನವರು ಕೊನೆಯಲ್ಲಿ. ಬಿಳಿ ಧೋತರ, ಬಿಳಿ ಟೋಪಿ, ಹಣೆಗೆ ವಿಭೂತಿ, ಮುಖದ ಮೇಲೆ ಮೇ ತಿಂಗಳಲ್ಲಿ ತಪ್ಪಿದ ಹೋಳಿಗೆ. ನೇತ್ರಾ ಅವರ ಹಿಂದೆ ತಲೆ ತಗ್ಗಿಸಿ ಬಂದು ನನ್ನ ಕಿವಿಯಲ್ಲಿ, "ಅಣ್ಣಾ, ಇವತ್ತರ ಸರಿ ಮಾಡು. ಅವ್ವನ ಉಂಡಿ ತಿನ್ನದ ನಾ ಶ್ರಾವಣ ದಾಟೂದಿಲ್ಲ" ಎಂದಳು. ನಾನು ಅವಳ ಬೆನ್ನು ತಟ್ಟಿದೆ. ನನ್ನ ಮೈಮೇಲೆ ಹೊಸ ಬಿಳಿ ಅಂಗಿ, ಕಪ್ಪು ಪ್ಯಾಂಟು. ಒಳಗೆ ಹೋದ ಮೇಲೆ ಗಮನಿಸಿದೆ. ಅಲ್ಲಿಯ ಕೆಲಸಗಾರರೆಲ್ಲರದ್ದೂ ಬಿಳಿ ಅಂಗಿ, ಕಪ್ಪು ಪ್ಯಾಂಟು.

ಉದ್ದನೆಯ ಮೇಜಿಗೆ ಎಲ್ಲರೂ ಕುಳಿತರು. ನಾನು ಎದ್ದು ನಿಂತು ಕೈ ಮುಗಿದು, "ಬೀಗರ, ಊಟಕ್ಕ ಏಳ್ರಿ" ಎಂದೆ.

ಸಾತಪ್ಪನವರು ಅಲುಗಲಿಲ್ಲ. "ಈಗರ ಕುಂತೇವಿ. ಏಳ್ರಿ ಅಂದ್ರ?"

"ಅಲ್ರೀ, ಅಲ್ಲೆ ಹೋಗಿ... ನಮಗ ಬೇಕಾದ್ದು ನಾವ... ಹಾಕ್ಕೊಂಡ ಬರೂದ್ರಿ."

ಸಾತಪ್ಪನವರು ಸಾಲಿನಲ್ಲಿ ತಾಟು ಹಿಡಿದು ನಿಂತ ಜನರನ್ನು ನಿಧಾನವಾಗಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. "ಅರವತ್ತೆಂಟ ವರ್ಷ ಆತು ನನಗ. ಬೀಗನ ಕೈಯಾಗ ತಾಟ ಕೊಟ್ಟು ಪಾಳಿ ಹಚ್ಚಿ ನಿಂದ್ರಸ್ತೀರಿ? ಮದಿವ್ಯಾಗ ಒಂದ ಹೋಳಿಗಿ ತಪ್ಪಸಿದ್ರಿ. ಇವತ್ತ ಪೂರಾ ಊಟಾನ ತಪ್ಪಸಾಕ ನಿಂತೀರಲ್ಲ!"

ನನ್ನ ತರ್ಕದ ಕಟ್ಟಡ ಅಡಿಪಾಯದಿಂದಲೇ ಕುಸಿಯಿತು. ಹಿರಿಯರು ಏಳದೆ ಉಳಿದ ಹತ್ತು ಜನರಲ್ಲಿ ಯಾರೂ ಏಳುವಂತಿರಲಿಲ್ಲ. ಸುಮಿತ ಮೇಜಿನ ಬಟ್ಟೆಯ ಎಳೆ ಎಣಿಸತೊಡಗಿದ. ನೇತ್ರಾಳ ಕಣ್ಣು ತುಂಬಿತು. ಸಾತಪ್ಪನವರು ಟೋಪಿ ಸರಿಮಾಡಿಕೊಂಡು, "ಗಾಡಿ ಚಾಲೂ ಮಾಡ್ರೋ, ಹೋಗೂಣು" ಎಂದು ಕುರ್ಚಿ ಹಿಂದೆ ಸರಿಸಿದರು.

"ಬೀಗರ!" ನಾನು ಕೂಗಿದೆ. (ಅಕ್ಕಪಕ್ಕದ ನಾಲ್ಕು ಮೇಜಿನವರು ತಿರುಗಿ ನೋಡಿದರು.) "ಕುಂದರ್ರಿ! ನಾನ ನೀಡ್ತೇನ್ರಿ! ನನ್ನ ಕೈಯಾರೆ!"

ಅಂಗಿಯ ತೋಳು ಮೇಲೆ ಸರಿಸಿ ಕೌಂಟರಿಗೆ ನುಗ್ಗಿದೆ. ಕೆಲಸಗಾರರೊಬ್ಬರು ತಡೆಯಲು ಬಂದರು. ಅಷ್ಟರಲ್ಲಿ ದಿಗಂಬರ ನನ್ನನ್ನು ಗುರುತಿಸಿ ಬಿಳಿಚಿಕೊಂಡ. "ಬಿಡ್ರಿ, ಬಿಡ್ರಿ, ಸಾಹೇಬ್ರು ಚೆಕ್ ಮಾಡಾಕತ್ತಾರ!" ಎಂದು ತಾನೇ ಸೌಟು ತಂದುಕೊಟ್ಟ. ಆಗ ನನಗೆ ಶುಕ್ರವಾರದ ಸೂಪಿನ ಮರ್ಮ ತಿಳಿಯಿತು. ಆದರೆ ವಿವರಣೆ ಕೊಡುವ ಸಮಯ ಅದಲ್ಲ.

ಮೇಜಿನ ಮೇಲೆ ತಾಟಿಟ್ಟರೆ ಊಟ ಆಗುವುದಿಲ್ಲ. ನಮ್ಮಲ್ಲಿ ಕ್ರಮವಿದೆ: ಎಡಗಡೆ ಉಪ್ಪು, ಉಪ್ಪಿನಕಾಯಿ, ಚಟ್ನಿ; ಆಮೇಲೆ ಕೋಸಂಬರಿ, ಪಲ್ಯ; ಉಣ್ಣುವಾಗ ಮೊದಲು ಸಿಹಿ; ಕೊನೆಗೆ ಅನ್ನ, ಮಜ್ಜಿಗೆ. ಐವತ್ತೆರಡು ಪದಾರ್ಥಗಳನ್ನು ಈ ಕ್ರಮಕ್ಕೆ ಒಗ್ಗಿಸುವುದು ಕಡತಗಳ ವರ್ಗೀಕರಣದಷ್ಟೇ ಕಷ್ಟ. ರಶ್ಯನ್ ಸಲಾಡಿಗೆ ಕೋಸಂಬರಿಯ ಸ್ಥಾನಕ್ಕೆ ಬಡ್ತಿ ಕೊಟ್ಟೆ. ಪನೀರು ಪಲ್ಯವಾಯಿತು. ಪಾಸ್ತಾವನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಶಾವಿಗೆಯ ಜಾಗದಲ್ಲಿ ಇಟ್ಟೆ. ಬೀಗತಿ, ಅಂದರೆ ಸುಮಿತನ ತಾಯಿ, ಅದರ ಮೇಲೆ ಹಾಲು ಸಕ್ಕರೆ ಕೇಳಿದರು. ತಂದುಕೊಟ್ಟೆ. ಅವರು ತಿಂದು, "ಹ್ಞಾಂ, ಖಾರ ಶಾವಿಗಿ" ಎಂದರು. ಮುಖ ಸ್ವಲ್ಪ ಕಿವುಚಿತ್ತು, ಆದರೆ ಬೀಗತಿಯರು ತಾಟಿನಲ್ಲಿ ಬಿಡುವವರಲ್ಲ.

ಮನೆಯಲ್ಲಾದರೆ ಬುಟ್ಟಿ ಹಿಡಿದು ಸಾಲಿನುದ್ದಕ್ಕೂ ಹೋದರೆ ಮುಗಿಯಿತು. ಇಲ್ಲಿ ಪಾತ್ರೆಗಳೆಲ್ಲ ಕೌಂಟರಿಗೆ ಅಂಟಿಕೊಂಡಿದ್ದವು. ಸಣ್ಣ ಬಟ್ಟಲಿನಲ್ಲಿ ತುಂಬಿಕೊಂಡು, ಇಪ್ಪತ್ತೈದು ಹೆಜ್ಜೆ ನಡೆದು, ಇಬ್ಬರಿಗೆ ಬಡಿಸಿ, ಮತ್ತೆ ಇಪ್ಪತ್ತೈದು ಹೆಜ್ಜೆ. (ನಕ್ಷೆ ಬರೆದದ್ದು ವ್ಯರ್ಥವಾಗಲಿಲ್ಲ. ನಡೆದವನು ಮಾತ್ರ ನಾನಾದೆ.)

ಗುಲಾಬ್ ಜಾಮೂನಿನ ಎರಡನೆಯ ಸುತ್ತು ಬಂತು. ಇದೇ ಪರೀಕ್ಷೆಯ ಘಟ್ಟ. ಸಾತಪ್ಪನವರು ತಾಟಿನ ಮೇಲೆ ಎರಡೂ ಕೈ ಅಡ್ಡ ಇಟ್ಟರು. "ಸಾಕ್ರೀ, ಸಾಕ!" ನೇತ್ರಾ ಕಣ್ಣು ಮುಚ್ಚಿದಳು.

"ಹಂಗಂದ್ರ ನನ್ನಾಣಿ ಐತ್ರಿ ಬೀಗರ!"

"ಬ್ಯಾಡ್ರೀ, ಶುಗರ್ ಐತಿ."

"ಇದರಾಗ ಸಕ್ರಿ ಇಲ್ರಿ, ಬರೇ ಪಾಕ ಐತಿ!"

"ಸಾಯಸ್ತೀರೇನ್ರಿ?"

"ನನ್ನ ತಂಗಿ ಮ್ಯಾಲಿನ ಆಣಿ!" ಎಂದು ಅವರ ಬೆರಳ ಸಂದಿಯಿಂದ ಜಾಮೂನು ತಳ್ಳಿದೆ. ಪಾಕ ಅವರ ಮುಂಗೈ ಮೇಲಿಂದ ಮೊಳಕೈವರೆಗೆ ಹರಿಯಿತು. ಸಾತಪ್ಪನವರು ನನ್ನನ್ನು ಬೈದರು. ಬೈಯುತ್ತಲೇ ತಿಂದರು. ಅವರು ಬೈದ ಆ ಕ್ಷಣದಲ್ಲಿ ನನಗಾದ ಆನಂದ ನನ್ನ ಪದವಿ ಪ್ರಮಾಣಪತ್ರ ಕೈಗೆ ಬಂದಾಗಲೂ ಆಗಿರಲಿಲ್ಲ.

ಆದರೆ ಒಳ್ಳೆಯ ಬಡಿಸುವಿಕೆ ದೂರದಿಂದಲೇ ಕಾಣುತ್ತದೆ. ಪಕ್ಕದ ಮೇಜಿನಲ್ಲಿ ಮೊಮ್ಮಕ್ಕಳ ಜತೆ ಬಂದಿದ್ದ ಅಜ್ಜಿಯೊಬ್ಬರು ನನ್ನ ಅಂಗಿಯ ತುದಿ ಹಿಡಿದು ಜಗ್ಗಿದರು. "ಅಹೋ ಭಾವು, ಜರಾ ವರಣ್ ಆಣಾ ಕಿ!" ಬೇಳೆ ತರಬೇಕಂತೆ. ನಾನು ಇಲ್ಲಿಯ ಕೆಲಸದವನಲ್ಲ ಎಂದು ಮರಾಠಿಯಲ್ಲಿ ಹೇಳಲು ವಾಕ್ಯ ಜೋಡಿಸುತ್ತಿದ್ದೆ. ಅಷ್ಟರಲ್ಲಿ ಅವರ ಮುಪ್ಪಿನ ಮುಖ ನೋಡಿ ಕಾಲು ತಾನಾಗಿಯೇ ಕೌಂಟರಿನತ್ತ ಹೊರಟಿತ್ತು. ಬೇಳೆ ಬಡಿಸಿದೆ. ಅಭ್ಯಾಸಬಲದಿಂದ ಅವರಿಗೂ ಒಂದು ಆಣೆ ಹಾಕಿದೆ. ಅವರು ಇಡೀ ಮನೆತನಕ್ಕೆ ಕೇಳುವಂತೆ, "ಗಂಗೂಬಾಯಿಲಾ ಅಸಾ ಆಗ್ರಹ ಮಾಹೇರೀ ಪಣ ಕುಣೀ ಕೇಲಾ ನಾಹೀ!" ಎಂದರು. ಗಂಗೂಬಾಯಿ ಎಂದರೆ ಸ್ವತಃ ಆ ಅಜ್ಜಿಯೇ; ಅವರಿಗೆ ತವರಿನಲ್ಲೂ ಹೀಗೆ ಯಾರೂ ಒತ್ತಾಯ ಮಾಡಿರಲಿಲ್ಲವಂತೆ. ಮುಗಿಯಿತು. ಆ ಮೇಜಿನಿಂದ ಇನ್ನೊಂದು ಮೇಜಿಗೆ, ಅಲ್ಲಿಂದ ಮತ್ತೊಂದಕ್ಕೆ ನನ್ನ ಕೀರ್ತಿ ಹರಡಿತು. ಅರ್ಧ ಹೋಟೆಲು ಕೈ ಅಡ್ಡ ಹಿಡಿದು ನನ್ನ ದಾರಿ ನೋಡತೊಡಗಿತು.

ದಣಿದು ಕಾಂತಾಳ ಕುರ್ಚಿಯ ಹಿಂದೆ ಬಂದು ನಿಂತೆ. "ಸ್ವಲ್ಪ ಎದ್ದ ಬಂದು ಕೈ ಜೋಡಸ," ಎಂದು ಪಿಸುಗುಟ್ಟಿದೆ.

ಅವಳು ಬೀಗತಿಯ ಜತೆ ಸೀರೆಯ ಬಗ್ಗೆ ಮಾತಾಡುತ್ತಿದ್ದವಳು ತಲೆ ಎತ್ತದೆ ಹೇಳಿದಳು: "ಮದವಿ ಆಗಿ ಹತ್ತ ವರ್ಷಕ್ಕ ಇವತ್ತ ಮೊದಲನೇ ಸಲ ನೀವು ನನಗ ನೀಡಾಕತ್ತೀರಿ. ನಡುವ ನಿಲ್ಲಿಸಬ್ಯಾಡ್ರಿ. ಆ ಕೆಂಪಂದು ಅಲ್ಲಾಡ್ತೈತಲ್ಲ, ಜೆಲ್ಲಿ, ಅದನ್ನ ಒಂದೀಟ ತರ್ರಿ."

"ನಾ ಇನ್ನೂ ಉಂಡಿಲ್ಲ."

"ನೀಡಾವ್ರು ಕಡೀಕ ಉಣ್ಣೂದು. ಅದರ ಗೊತ್ತೈತಿಲ್ಲೋ?"

ಕೊನೆಗೆ ಉಣ್ಣೋಣವೆಂದು ತಾಟು ಹಿಡಿದು ಹೋದಾಗ ಮೂರೂವರೆ. ಕೌಂಟರಿನ ದೀಪ ಆರಿಸಿ ಪಾತ್ರೆಗಳನ್ನು ಒಳಗೆ ಒಯ್ಯುತ್ತಿದ್ದರು. ದಿಗಂಬರ ನನ್ನೆದುರು ವಿನಯದಿಂದ ಬಾಗಿ, "ಸಾಹೇಬ್ರ, ಎಲ್ಲಾ ತೃಪ್ತಿ ಆತಲ್ರಿ?" ಎಂದು ಕೇಳಿದ. ಆತನ ಕೈಯಲ್ಲಿ ಒಂದು ತುಂಡು ಸೌತೆಕಾಯಿ ಉಳಿದಿತ್ತು, ಅಲಂಕಾರಕ್ಕೆ ಹೂವಿನಂತೆ ಕೊರೆದದ್ದು. ಅದನ್ನು ಈಸಿಕೊಂಡು ತಿಂದೆ.

ಸಾತಪ್ಪನವರು ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು, ನನ್ನನ್ನು ಪಕ್ಕಕ್ಕೆ ಕರೆದರು. ಮುಖದ ಮೇಲಿನ ಹೋಳಿಗೆ ಮಾಯವಾಗಿತ್ತು.

"ತಮ್ಮಾ ಗುರುಸಿದ್ದಾ," ಎಂದರು. ಅಲ್ಲಿಯವರೆಗೆ ನಾನು ಅವರಿಗೆ 'ರೀ'. ಈಗ ತಮ್ಮನಾದೆ. "ನನ್ನ ಮನಸ್ಸ ತಣ್ಣಗಾತು. ಇಂಥಾ ಆಗ್ರಹ ಮಾಡಾವ್ರು ಈಗ ಎಲ್ಲಿ ಸಿಗ್ತಾರ? ನೇತ್ರಾನ್ನ ಪಂಚಮಿಗೆ ಮೂರ ದಿನ ಮೊದ್ಲ ಕಳಸ್ತೇನಿ. ಸುಮಿತನ್ನೂ ಜತಿ ಕಳಸ್ತೇನಿ. ಆತಿಲ್ಲೋ?"

ನೇತ್ರಾ ಓಡಿ ಹೋಗಿ ಅವ್ವನಿಗೆ ಫೋನು ಹಚ್ಚಿದಳು. ಆ ಕಡೆಯಿಂದ ಬಾಣಲೆ ಮತ್ತೆ ಒಲೆಗೇರಿದ ಸದ್ದು ನನಗೆ ಇಲ್ಲಿಯೇ ಕೇಳಿದಂತಾಯಿತು.

"ನಂದೂ ಒಂದ ಮಾತೈತಿ," ಸಾತಪ್ಪನವರು ಹೆಗಲ ಮೇಲೆ ಕೈ ಇಟ್ಟರು. ತೊಳೆದರೂ ಕೈ ಇನ್ನೂ ಪಾಕದಿಂದ ಅಂಟುತ್ತಿತ್ತು. "ಪಂಚಮಿ ದಿನಾನ ನನ್ನ ಮೊಮ್ಮಗನ ತೊಟ್ಟಲಾ ಇಟ್ಟೇವಿ. ಮುನ್ನೂರ ಎಲಿ. ನೀಡಾಕ ಹುಡುಗೂರನ್ನ ಕರದ್ರ ಒಂದ ಕೈಯಾಗ ಸೌಟ, ಒಂದ ಕೈಯಾಗ ಮೊಬೈಲು. ನೀ ಬಾ. ಹಿಂದಿನ ದಿನಾನ ಬಾ. ಇಲ್ಲ ಅನಬ್ಯಾಡ, ನನ್ನಾಣಿ ಐತಿ."

ನಾನು ಎರಡೂ ಕೈ ಅಡ್ಡ ಹಿಡಿದೆ. "ಬ್ಯಾಡ್ರಿ, ಆಫೀಸು..." ಎಂದೆ. ಆಮೇಲೆ ನೆನಪಾಯಿತು, ನಾನು ಏನು ಮಾಡಿದೆನೆಂದು. ಸಾತಪ್ಪನವರ ಮುಖ ಅರಳಿತು. ನನ್ನ ಎರಡೂ ಕೈ ಸರಿಸಿ, "ಆತ ಬಿಡು, ಒಪ್ಪಿದ್ಯಲ್ಲ!" ಎಂದು ಗಾಡಿ ಹತ್ತಿದರು.

ಹೀಗಾಗಿ ಪಂಚಮಿಯ ದಿನ ನೇತ್ರಾ ಬೆಳಗಾವಿಯಲ್ಲಿದ್ದಳು, ನಾನು ಖಾನಾಪುರದಲ್ಲಿದ್ದೆ. ಮಧ್ಯಾಹ್ನ ಎರಡಕ್ಕೆ, ಮೂರನೆಯ ಪಂಕ್ತಿಯ ನಡುವೆ, ಸಾರಿನ ಬಕೀಟು ಹಿಡಿದು ನಿಂತಾಗ ಜೇಬಿನಲ್ಲಿ ಫೋನು ನಡುಗಿತು. ವೀಡಿಯೊ ಕರೆ. ನಮ್ಮ ಮನೆಯ ಮಾಳಿಗೆಯ ತೊಲೆಗೆ ಕಟ್ಟಿದ ಜೋಕಾಲಿ. ಅದರ ಮೇಲೆ ನೇತ್ರಾ, ಕಾಂತಾ ಇಬ್ಬರೂ ಎದುರು ಬದುರು ನಿಂತು ಜೀಕುತ್ತಿದ್ದರು. ಸುಮಿತ ಕುರ್ಚಿಯ ಮೇಲೆ, ಎರಡೂ ಕೆನ್ನೆಯಲ್ಲಿ ಉಂಡಿ. ಅವ್ವ ಅವನ ತಾಟಿಗೆ ಮತ್ತೊಂದು ಹಾಕುತ್ತ ಮೂರು ವಾರಗಳ ಬಳಿಕ ಮೊದಲ ಬಾರಿಗೆ ನೇರವಾಗಿ ನನ್ನ ಜತೆ ಮಾತಾಡಿದಳು. "ಹೆಂಗದೀಯಪಾ? ಎಲ್ಲಾರೂ ಬಂದಾರ ಇಲ್ಲೆ, ನೀ ಒಬ್ಬಾಂವ ಇಲ್ಲ."

"ನಾಳೆ ಮುಂಜಾನಿ ಬಂದ ಬಿಡ್ತೇನವ್ವಾ," ಎಂದೆ. ದನಿ ಸ್ವಲ್ಪ ಒದ್ದೆಯಾಗಿತ್ತು.

ಹಿಂದಿನಿಂದ ಬಂದ ಸಾತಪ್ಪನವರು ನನ್ನ ಕೈಯಿಂದ ಫೋನು ಕಸಿದುಕೊಂಡರು. "ಎಲ್ಲೀ ನಾಳೆ? ಸೋಮವಾರ ನಮ್ಮ ಓಣಿ ಮಠದಾಗ ಶ್ರಾವಣದ ದಾಸೋಹ ಐತಿ. ಎಂಟನೂರ ಮಂದಿ. ಸ್ವಾಮಿಗಳಿಗೆ ಹೇಳಿ ಬಿಟ್ಟೇನಿ, ನೀಡಾಕ ನಮ್ಮ ಗುರುಸಿದ್ದ ಅದಾನಂತ. ಅವನ ಸಾಹೇಬರಿಗೂ ಫೋನ ಮಾಡಿ ರಜಾ ಕೇಳೇನಿ, ಹೂಂ ಅಂದಾರ. ಯವ್ವಾ ಕಾಂತಾ, ನಿನ್ನ ಗಂಡನ್ನ ಇನ್ನ ನಾಕೈದ ದಿನ ಇಲ್ಲೇ ಇಟ್ಕೋತೇವಿ. ಕಳಸೂದಿಲ್ಲ. ನಡದೀತಲ್ಲವಾ?"

ನಾನು ಫೋನಿನ ಪರದೆಗೆ ಕಾಣುವಂತೆ ತಲೆ ಅಲ್ಲಾಡಿಸಿದೆ, ಕಣ್ಣಿನಿಂದ ಸನ್ನೆ ಮಾಡಿದೆ, ಸೌಟು ಎತ್ತಿ ಬೀಸಿದೆ. ಬೇರೆಯವರ ಮಗಳನ್ನು ಹಬ್ಬಕ್ಕೆ ಕಳಿಸದೆ ಇಟ್ಟುಕೊಂಡರೆ ತವರಿನವರು ಎಷ್ಟು ಗೋಳಾಡುತ್ತಾರೆಂಬುದನ್ನು ನಾನು ಕಣ್ಣಾರೆ ಕಂಡವನು. ನನ್ನವರೂ ಎರಡು ಮಾತು ಆಡಿಯಾರೆಂದು ಕಾದೆ.

ಜೋಕಾಲಿ ಒಮ್ಮೆ ಮುಂದೆ ಹೋಗಿ ಹಿಂದೆ ಬಂತು. ಕಾಂತಾ ಹಗ್ಗ ಬಿಡದೆ, ಉಂಡಿ ನುಂಗಿ, ಗಂಟಲು ಸರಿಮಾಡಿಕೊಂಡು ಹೇಳಿದಳು:

"ಇರ್ಲಿ ಬಿಡ್ರಿ ದೊಡ್ಡಪ್ಪಾರ. ನಮಗೇನ ಅವಸರಿಲ್ಲ."